ಪೆಡಲ್‌ಬೋರ್ಡ್ ಗುಂಯ್ ಅನ್ನುತ್ತಿದೆಯಾ? ದುಡ್ಡು ಖರ್ಚು ಮಾಡುವ ಮೊದಲು ಇದನ್ನು ಮಾಡಿ ನೋಡಿ

ಮುಂಬೈಯ ಡೊಂಬಿವಲಿ, ಮುಲುಂಡ್, ಮೀರಾ ರೋಡ್ ಕಡೆ ನಮ್ಮ ಕನ್ನಡಿಗರ ಮನೆಗಳಲ್ಲಿ ಈಗ ಗಿಟಾರ್ ಇರುವುದು ಸಾಮಾನ್ಯ. ಸಂಘದ ವಾರ್ಷಿಕೋತ್ಸವ, ರಾಜ್ಯೋತ್ಸವ, ಗಣಪತಿ ಪೆಂಡಾಲು, ಹೀಗೆ ನುಡಿಸುವ ಅವಕಾಶಕ್ಕೂ ಬರವಿಲ್ಲ. ಓವರ್‌ಡ್ರೈವ್, ಡಿಲೇ, ರಿವರ್ಬ್ ಅಂತ ಒಂದೊಂದೇ ಪೆಡಲ್, ಅಂದರೆ ಗಿಟಾರ್ ಸದ್ದನ್ನು ಬದಲಿಸುವ, ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆ, ಬೋರ್ಡಿಗೆ ಸೇರಿಸುತ್ತಾ ಹೋಗುತ್ತೇವೆ. ಒಂದು ದಿನ ಆಂಪ್ (ಆಂಪ್ಲಿಫೈಯರ್) ಹಾಕಿದರೆ ಗುಂಯ್ ಅಂತ ಸದ್ದು. ಜೋರು ಹಾಡಿನಲ್ಲಿ ಅದು ಮುಚ್ಚಿಹೋಗುತ್ತದೆ. ಭಾವಗೀತೆಯಲ್ಲಿ ಹಾಡುವವರು ಉಸಿರು ತೆಗೆದುಕೊಳ್ಳುವ ಆ ಒಂದು ಕ್ಷಣ ಇದೆಯಲ್ಲ, ಅಲ್ಲಿ ಇಡೀ ಹಾಲ್‌ಗೆ ಕೇಳಿಸುತ್ತದೆ.

ಆಗ ಎಲ್ಲರೂ ಕೊಡುವ ಸಲಹೆ ಒಂದೇ: ನಾಯ್ಸ್ ಗೇಟ್ (ನುಡಿಸದಿದ್ದಾಗ ಸದ್ದನ್ನು ತಡೆಯುವ ಪೆಡಲ್) ತಗೋ, ದುಬಾರಿ ಪವರ್ ಸಪ್ಲೈ ತಗೋ. ನನ್ನ ಅಭಿಪ್ರಾಯ ಬೇರೆ. ಇಂಥ ಸದ್ದಿಗೆ ಹೆಚ್ಚಿನ ಸಲ ಕಾರಣ ಒಂದೇ ಜಾಗದಲ್ಲಿ ಇರುತ್ತದೆ. ಆ ಜಾಗ ಗೊತ್ತಾಗುವವರೆಗೆ ಏನನ್ನೂ ಕೊಳ್ಳಬೇಡಿ. ಹುಡುಕಲು ಬೇಕಾದದ್ದು ಒಂದು 9 ವೋಲ್ಟ್ ಬ್ಯಾಟರಿ, ಚೆನ್ನಾಗಿರುವ ಒಂದು ಕೇಬಲ್, ಒಂದು ಸಾದಾ ಮಲ್ಟಿಮೀಟರ್ ಮತ್ತು ಸ್ವಲ್ಪ ತಾಳ್ಮೆ.

ಮೊದಲೇ ಹೇಳಬೇಕಾದ ಮಾತು

ಮೂರು ಪಿನ್ನಿನ ಪ್ಲಗ್‌ನ ಮೇಲಿನ ದಪ್ಪ ಪಿನ್ ಅರ್ಥಿಂಗ್‌ನದ್ದು. ಅದನ್ನು ಕಿತ್ತುಹಾಕಿದರೆ, ಇಲ್ಲವೇ ಎರಡು ಪಿನ್ನಿನ ಅಡಾಪ್ಟರ್ ಹಾಕಿ ತಪ್ಪಿಸಿದರೆ, ಕೆಲವೊಮ್ಮೆ ಗುಂಯ್ ಸದ್ದು ನಿಲ್ಲುತ್ತದೆ. ಅದಕ್ಕೇ ಎಷ್ಟೋ ಜನ ಹಾಗೆ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಆಂಪ್ ಒಳಗೆ ಏನಾದರೂ ಕೆಟ್ಟು ಕರೆಂಟ್ ಹೊರಗಿನ ಲೋಹಕ್ಕೆ ತಾಗಿದರೆ, ಆ ಪಿನ್ ಇದ್ದಾಗ ಕರೆಂಟ್ ಭೂಮಿಗೆ ಹೋಗಿ ಫ್ಯೂಸ್ ಹಾರುತ್ತದೆ. ಪಿನ್ ಇಲ್ಲದಿದ್ದರೆ ಅದೇ 230 ವೋಲ್ಟ್ ನಿಮ್ಮ ಗಿಟಾರ್ ತಂತಿಯವರೆಗೆ ಬಂದು ನಿಂತಿರುತ್ತದೆ. ತಂತಿ ಹಿಡಿದ ಕೈ, ಮೈಕ್‌ಗೆ ತಾಗುವ ತುಟಿ. ಇಷ್ಟು ಸಾಕು ಜೀವ ಹೋಗಲು.

ಹಾಗೇ ವಾಲ್ವ್ ಆಂಪ್ ಇದ್ದವರು ಅದನ್ನು ಬಿಚ್ಚಬೇಡಿ. ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಅದು ರಿಪೇರಿಯವರ ಕೆಲಸ.

ಸದ್ದನ್ನು ಕಿವಿಗೊಟ್ಟು ಕೇಳಿ

ಎಲ್ಲ ಸದ್ದೂ ಒಂದೇ ಅಲ್ಲ. ನಮ್ಮ ದೇಶದ ಕರೆಂಟ್ ಸೆಕೆಂಡಿಗೆ 50 ಸಲ ಅಲೆಯುತ್ತದೆ, ಅಂದರೆ 50 ಹರ್ಟ್ಜ್. ಆ ಕರೆಂಟನ್ನು ಅಡಾಪ್ಟರ್ ಡಿಸಿ ಮಾಡುವಾಗ ಸರಿಯಾಗಿ ಸೋಸದಿದ್ದರೆ 100 ಹರ್ಟ್ಜ್ ಸದ್ದು ಉಳಿಯುತ್ತದೆ. ಇದನ್ನು ಗುರುತಿಸಲು ಗಿಟಾರ್ ಸಾಕು. ಎಲ್ಲಕ್ಕಿಂತ ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟಿ. ಆ ಜಿ ಸ್ವರ 98 ಹರ್ಟ್ಜ್. ಗುಂಯ್ ಸದ್ದು ಹೆಚ್ಚುಕಡಿಮೆ ಅದೇ ಶ್ರುತಿಯಲ್ಲಿದ್ದರೆ ಮೊದಲ ಅನುಮಾನ ಅಡಾಪ್ಟರ್ ಮೇಲೆ. ಅದಕ್ಕಿಂತ ಒಂದು ಸ್ಥಾಯಿ ಕೆಳಗಿದ್ದರೆ ಹೊರಗಿನ ಟ್ರಾನ್ಸ್‌ಫಾರ್ಮರ್, ಕೆಟ್ಟ ಕೇಬಲ್ ಇಲ್ಲವೇ ಗ್ರೌಂಡ್ ಲೂಪ್ (ಅದೇನೆಂದು ಮುಂದೆ ಹೇಳುತ್ತೇನೆ). ಇದು ಅಂದಾಜು ಅಷ್ಟೇ. ಎರಡೂ ಬೆರೆತಿರುವುದೂ ಉಂಟು. ಖಚಿತ ಮಾಡಿಕೊಳ್ಳಲು ಮುಂದಿನ ಪರೀಕ್ಷೆಗಳಿವೆ.

ಝರ್ ಅಂತ ಕೊರೆಯುವ ಸದ್ದಾದರೆ ಫ್ಯಾನ್ ರೆಗ್ಯುಲೇಟರ್, ಲೈಟಿನ ಡಿಮ್ಮರ್, ಅಗ್ಗದ ಎಲ್‌ಇಡಿ ಬಲ್ಬು ಕಾರಣ ಇರಬಹುದು. ಕೀ... ಅಂತ ಸಣ್ಣಗೆ ಕೂಗಿದರೆ ಡಿಜಿಟಲ್ ಪೆಡಲ್ ಮತ್ತು ಬೇರೆ ಪೆಡಲ್‌ಗಳು ಒಂದೇ ಅಡಾಪ್ಟರ್ ಹಂಚಿಕೊಂಡಿರಬಹುದು. ಬರೀ ಸುಯ್ ಅನ್ನುವುದು ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಜಾಸ್ತಿ ಇಟ್ಟಾಗ ಬರುವ ಸಹಜ ಸದ್ದು. ಅದಕ್ಕೆ ಗೇನ್ ಇಳಿಸುವುದೇ ಮದ್ದು.

ಇಲ್ಲಿ ಒಂದು ಎಚ್ಚರಿಕೆ. ಯೂಟ್ಯೂಬ್‌ನಲ್ಲಿ ಅಮೆರಿಕದವರ ವಿಡಿಯೋ ನೋಡಿ ಈಕ್ಯೂನಲ್ಲಿ (ಈಕ್ವಲೈಜರ್) 60 ಹರ್ಟ್ಜ್ ಸದ್ದನ್ನು ಇಳಿಸುವವರಿದ್ದಾರೆ. ಅಲ್ಲಿನ ಕರೆಂಟ್ 60 ಹರ್ಟ್ಜ್, ಹಾಗಾಗಿ ಅವರ ಮಾತು ಅವರಿಗೆ ಸರಿ. ನಮ್ಮ ಲೆಕ್ಕ 50, 100, 150. ಅಮೆರಿಕದಿಂದ ಯಾರೋ ತಂದುಕೊಟ್ಟ ಅಡಾಪ್ಟರ್ ಆದರೆ ಅದರ ಮೇಲಿನ ಅಕ್ಷರ ಓದಿ. 100 ರಿಂದ 240 ವೋಲ್ಟ್ ಅಂತ ಇದ್ದರೆ ಮಾತ್ರ ನಮ್ಮ ಪ್ಲಗ್ಗಿಗೆ ಹಾಕಿ. ಬರೀ 120 ಅಂತ ಇದ್ದರೆ ಹಾಕಿದ ಕೂಡಲೇ ಸುಟ್ಟುಹೋಗುತ್ತದೆ.

ಹೆಜ್ಜೆ 1: ಆಂಪ್ ಒಂದನ್ನೇ ಕೇಳಿ

ಆಂಪ್‌ನಿಂದ ಕೇಬಲ್ ಪೂರ್ತಿ ತೆಗೆಯಿರಿ. ಏನೂ ಸಿಕ್ಕಿಸದೆ ಆನ್ ಮಾಡಿ. ಈಗಲೂ ಗುಂಯ್ ಅಂದರೆ ಪೆಡಲ್‌ಗಳ ತಪ್ಪಿಲ್ಲ, ಆಂಪ್‌ನದೋ ಗೋಡೆಯ ಪ್ಲಗ್‌ನದೋ ತೊಂದರೆ. ವಾಲ್ಯೂಮ್ ಸೊನ್ನೆ ಮಾಡಿದರೂ ಸದ್ದು ಅಷ್ಟೇ ಇದ್ದರೆ ಒಳಗಿನ ಫಿಲ್ಟರ್ ಕೆಪಾಸಿಟರ್ ಹಳೆಯದಾಗಿರಬಹುದು. ಅಂಥ ಆಂಪನ್ನು ರಿಪೇರಿಗೆ ಕೊಡಿ. ಆಂಪ್ ಸುಮ್ಮನಿದ್ದರೆ ಮುಂದೆ ಹೋಗೋಣ.

ಹೆಜ್ಜೆ 2: ಗಿಟಾರ್ ನೇರವಾಗಿ ಆಂಪ್‌ಗೆ

ಪೆಡಲ್ ಒಂದೂ ಬೇಡ. ಒಂದೇ ಕೇಬಲ್. ಈಗ ಗಿಟಾರ್‌ನ ವಾಲ್ಯೂಮ್ ಸೊನ್ನೆ ಮಾಡಿ. ಸದ್ದು ನಿಂತರೆ ಅದು ಗಿಟಾರ್‌ನಿಂದ ಬರುತ್ತಿದೆ. ನಿಲ್ಲದಿದ್ದರೆ ಕೇಬಲ್ ಬದಲಾಯಿಸಿ ನೋಡಿ.

ಗಿಟಾರ್‌ನದೇ ಅಂತಾದರೆ ಎದ್ದುನಿಂತು ನಿಧಾನವಾಗಿ ಒಂದು ಸುತ್ತು ತಿರುಗಿ. ಒಂದು ದಿಕ್ಕಿಗೆ ಸದ್ದು ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಆಗುತ್ತಿದೆಯಾ? ಹಾಗಾದರೆ ಪಿಕಪ್, ಅಂದರೆ ತಂತಿಯ ಕಂಪನವನ್ನು ಹಿಡಿಯುವ ಕಾಂತದ ಸುರುಳಿ, ಸುತ್ತಲಿನ ಕಾಂತಕ್ಷೇತ್ರವನ್ನೂ ಹಿಡಿಯುತ್ತಿದೆ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ನ ಹುಟ್ಟುಗುಣವೇ ಅದು. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಹಂಬಕರ್ ಪಿಕಪ್ ಮಾಡಿದ್ದು ಇದೇ ಕಾಟಕ್ಕೆ. ಎರಡು ಸುರುಳಿ, ಒಂದಕ್ಕೊಂದು ತಿರುವು ಮುರುವು. ಹೊರಗಿನ ಗುಂಯ್ ಎರಡರಲ್ಲೂ ಹುಟ್ಟಿ ಪರಸ್ಪರ ಹೊಡೆದುಹೋಗುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಸ್ಟ್ರಾಟ್ ಮಾದರಿಯ (ಮೂರು ಪಿಕಪ್‌ನ) ಗಿಟಾರ್ ಇದ್ದವರು ಪಿಕಪ್ ಆರಿಸುವ ಸೆಲೆಕ್ಟರನ್ನು ಎರಡನೇ ಅಥವಾ ನಾಲ್ಕನೇ ಜಾಗಕ್ಕೆ ಇಟ್ಟು ನೋಡಿ. ಈಗಿನ ಬಹಳಷ್ಟು ಸ್ಟ್ರಾಟ್‌ಗಳಲ್ಲಿ ನಡುವಿನ ಪಿಕಪ್ ತಿರುವು ಹಾಕಿರುತ್ತಾರೆ, ಹಾಗಾಗಿ ಆ ಎರಡು ಜಾಗಗಳಲ್ಲಿ ಗುಂಯ್ ಇಳಿಯುತ್ತದೆ.

ಮುಂಬೈ ಮನೆಗಳಲ್ಲಿ ಇದು ಎಲ್ಲರಿಗೂ ಬರುವ ತೊಂದರೆ, ಯಾಕೆಂದರೆ ಜಾಗವೇ ಇಲ್ಲ. ಒಂದೇ ಹಾಲ್‌ನಲ್ಲಿ ಫ್ರಿಜ್, ಟಿವಿ, ಇನ್ವರ್ಟರ್, ತಲೆ ಮೇಲೆ ಫ್ಯಾನ್, ಗೋಡೆಯಾಚೆ ಪಕ್ಕದವರ ಮೀಟರ್ ಬೋರ್ಡ್. ಹಾಗಾಗಿ ಮೊದಲು ಫ್ಯಾನ್ ಆಫ್ ಮಾಡಿ ಕೇಳಿ. ರೆಗ್ಯುಲೇಟರನ್ನು ಎರಡಕ್ಕೋ ಮೂರಕ್ಕೋ ಇಟ್ಟಾಗ ಝರ್ ಅಂದು, ಫುಲ್ ಇಟ್ಟಾಗ ಸುಮ್ಮನಾದರೆ ಅಪರಾಧಿ ಸಿಕ್ಕಿತು. ಸ್ಟೆಪ್ ಆಗಿ ತಿರುಗುವ ಕೆಪಾಸಿಟರ್ ರೆಗ್ಯುಲೇಟರ್ ಹಾಕಿಸಿದರೆ ಆ ಸದ್ದು ಹೋಗುತ್ತದೆ. ಆಮೇಲೆ ಒಂದೊಂದೇ ಲೈಟ್ ಆರಿಸಿ. ಇನ್ವರ್ಟರ್ ಮೇಲೆ ನಡೆಯುತ್ತಿದ್ದರೆ, ಅದು ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ, ಕರೆಂಟ್ ಬರುವವರೆಗೆ ಝರ್ ತಪ್ಪದು.

ಇನ್ನೊಂದು ಪರೀಕ್ಷೆ: ತಂತಿಗೆ ಕೈ ಇಟ್ಟರೆ ಸದ್ದು ಕಡಿಮೆ ಆಗುತ್ತದೆಯಾ? ಇದು ಸರಿಯಾದ ಲಕ್ಷಣವೇ. ನಿಮ್ಮ ಮೈ ಹಿಡಿದುಕೊಂಡಿದ್ದ ಗಲಾಟೆ ತಂತಿಯ ಮೂಲಕ ಗ್ರೌಂಡ್‌ಗೆ ಹೋಗುತ್ತಿದೆ. ಆದರೆ ಕೈ ಬಿಟ್ಟಾಗ ತುಂಬಾ ಜೋರಾದರೆ ಗಿಟಾರ್ ಒಳಗೆ ಶೀಲ್ಡಿಂಗ್ (ಹೊರಗಿನ ಗಲಾಟೆ ತಡೆಯುವ ಲೋಹದ ಹೊದಿಕೆ) ಸಾಲದು. ಅಂಟು ಕೂಡ ಕರೆಂಟ್ ಹರಿಸುವಂಥ ತಾಮ್ರದ ಟೇಪ್ ಸಿಗುತ್ತದೆ. ಪಿಕಪ್ ಕೂರುವ ಗುಂಡಿಯ ಒಳಗೋಡೆಗೆಲ್ಲ ಹಚ್ಚಿ, ಆ ತಾಮ್ರವನ್ನು ಒಂದು ವೈರ್‌ನಿಂದ ಗ್ರೌಂಡ್‌ಗೆ ಸೇರಿಸಬೇಕು. ಸೇರಿಸದೆ ಬಿಟ್ಟರೆ ಹಚ್ಚಿದ್ದು ವ್ಯರ್ಥ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾಗುವ ಬದಲು ಜಾಸ್ತಿಯಾದರೆ ಜ್ಯಾಕ್‌ನ ಎರಡು ವೈರ್ ಅದಲುಬದಲಾಗಿರಬಹುದು, ಇಲ್ಲವೇ ಪ್ಲಗ್ಗಿನಲ್ಲೇ ಅರ್ಥಿಂಗ್ ಇಲ್ಲದಿರಬಹುದು.

ಹೆಜ್ಜೆ 3: ಅರ್ಧ ಅರ್ಧ ಮಾಡಿ

ಗಿಟಾರ್, ಆಂಪ್ ಎರಡೂ ಸರಿ ಇವೆ ಅಂತಾದರೆ ತೊಂದರೆ ಬೋರ್ಡಿನಲ್ಲಿದೆ. ಪೆಡಲ್‌ಗಳ ಸಾಲನ್ನು ನಡುವಿನಲ್ಲಿ ಕತ್ತರಿಸಿ. ಮೊದಲ ಅರ್ಧವನ್ನು ಮಾತ್ರ ಆಂಪ್‌ಗೆ ಕೊಡಿ. ಸದ್ದು ಇದ್ದರೆ ಕಾರಣ ಆ ಅರ್ಧದಲ್ಲಿದೆ. ಇಲ್ಲದಿದ್ದರೆ ಇನ್ನೊಂದರಲ್ಲಿ. ಅದನ್ನೂ ಅರ್ಧ ಮಾಡಿ. ಎಂಟು ಪೆಡಲ್ ಇದ್ದರೂ ಮೂರೇ ಸಲಕ್ಕೆ ಒಂದು ಪೆಡಲ್‌ಗೆ ಬಂದು ನಿಲ್ಲುತ್ತೀರಿ. ಪೆಡಲನ್ನು ಕಾಲಿನಿಂದ ಒತ್ತಿ ಆಫ್ ಮಾಡಿದರೆ ಸಾಲದು, ಸಾಲಿನಿಂದಲೇ ತೆಗೆಯಬೇಕು. ಆಫ್ ಇದ್ದರೂ ಅದರ ಜ್ಯಾಕ್, ಅದರ ಕೇಬಲ್, ಅದರ ಪವರ್ ದಾರಿಯಲ್ಲೇ ಇರುತ್ತವೆ.

ಹೆಜ್ಜೆ 4: ಬ್ಯಾಟರಿ ಹಾಕಿ

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಅನುಮಾನ ಬಂದ ಪೆಡಲ್‌ನಿಂದ ಅಡಾಪ್ಟರ್ ಪಿನ್ ಕಿತ್ತು, ಒಳಗೆ 9 ವೋಲ್ಟ್ ಬ್ಯಾಟರಿ ಹಾಕಿ. ಸದ್ದು ಹೋಯಿತಾ? ಪೆಡಲ್ ಚೆನ್ನಾಗಿದೆ. ತೊಂದರೆ ಅಡಾಪ್ಟರ್‌ನಲ್ಲೋ, ಹಂಚಿಕೊಂಡ ವೈರ್‌ನಲ್ಲೋ ಇದೆ. ಬ್ಯಾಟರಿ ಹಾಕಿದರೂ ಹೋಗಲಿಲ್ಲವಾ? ಕೇಬಲ್ ನೋಡಿ. ಬ್ಯಾಟರಿಗೆ ಜಾಗ ಇಲ್ಲದ ಪೆಡಲ್ ಆದರೆ, ಅದೊಂದಕ್ಕೇ ಬೇರೆ ಅಡಾಪ್ಟರ್ ಕೊಟ್ಟು ನೋಡಿ.

ಅಡಾಪ್ಟರ್ ವಿಷಯದಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ಪೆಡಲ್ ಸುಡುವುದು ಇಲ್ಲೇ. ಹೆಚ್ಚಿನ ಗಿಟಾರ್ ಪೆಡಲ್‌ಗಳಿಗೆ ಬೇಕಾದದ್ದು 9 ವೋಲ್ಟ್ ಡಿಸಿ, ಪಿನ್ನಿನ ಒಳಭಾಗ ನೆಗೆಟಿವ್, ಹೊರಭಾಗ ಪಾಸಿಟಿವ್. ಮನೆಯಲ್ಲಿ ಸಿಗುವ ವೈಫೈ ರೂಟರ್‌ನ ಅಡಾಪ್ಟರ್ ಸಾಮಾನ್ಯವಾಗಿ ಇದಕ್ಕೆ ಉಲ್ಟಾ, ಎಷ್ಟೋ ಸಲ 12 ವೋಲ್ಟ್ ಬೇರೆ. ಪಿನ್ ಸರಿಯಾಗಿ ಕೂರುತ್ತದೆ ಅಂತ ಸುಮ್ನೆ ಚುಚ್ಚಬೇಡಿ. ಪೆಡಲ್ ಮೇಲೂ ಅಡಾಪ್ಟರ್ ಮೇಲೂ ಒಂದು ಚುಕ್ಕಿ, ಅದರ ಸುತ್ತ ಅರ್ಧ ವೃತ್ತದ ಗುರುತು, ಪ್ಲಸ್ ಮೈನಸ್ ಇರುತ್ತದೆ. ಎರಡೂ ಹೊಂದಬೇಕು.

ವೋಲ್ಟ್ ಸರಿಯಾಗಿಯೇ ಇರಬೇಕು. ಮಿಲಿಆಂಪ್ ಮಾತ್ರ ಜಾಸ್ತಿ ಇದ್ದರೆ ಏನೂ ಆಗುವುದಿಲ್ಲ, ಪೆಡಲ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಸಾದಾ ಓವರ್‌ಡ್ರೈವ್‌ಗೆ ಹತ್ತು ಮಿಲಿಆಂಪ್ ಆಸುಪಾಸು ಸಾಕು. ಡಿಜಿಟಲ್ ರಿವರ್ಬ್, ಡಿಲೇ ನೂರು ಕೇಳಬಹುದು, ಕೆಲವು ಮುನ್ನೂರು. ಎಲ್ಲ ಪೆಡಲ್‌ಗಳ ಅಂಕಿ ಕೂಡಿ ನೋಡಿ. ಅಡಾಪ್ಟರ್ ಕೊಡುವುದಕ್ಕಿಂತ ಮೊತ್ತ ಜಾಸ್ತಿಯಾದರೆ ವೋಲ್ಟೇಜ್ ಕುಸಿದು ಗುಂಯ್ ಶುರುವಾಗುತ್ತದೆ.

ಒಂದೇ ಅಡಾಪ್ಟರ್‌ನಿಂದ ಐದಾರು ಪಿನ್ ಇಳಿಬಿಟ್ಟ ವೈರ್‌ಗೆ ಡೈಸಿ ಚೈನ್ ಅನ್ನುತ್ತಾರೆ. ಹಳೆಯ ರೀತಿಯ ಅನಲಾಗ್ ಪೆಡಲ್‌ಗಳಷ್ಟೇ ಇದ್ದರೆ ಇದು ಚೆನ್ನಾಗಿಯೇ ನಡೆಯುತ್ತದೆ. ಡಿಜಿಟಲ್ ಪೆಡಲ್ ಒಂದು ಸೇರಿದರೆ ಅದರೊಳಗಿನ ಕ್ಲಾಕ್ ಸರ್ಕ್ಯೂಟ್‌ನ ಸದ್ದು ವೈರ್ ಹಿಡಿದು ಪಕ್ಕದ ಡಿಸ್ಟಾರ್ಷನ್‌ಗೆ ನುಗ್ಗುತ್ತದೆ. ಆಗ ಇಡೀ ಬೋರ್ಡಿಗೆ ಹೊಸ ಪವರ್ ಸಪ್ಲೈ ಬೇಕಿಲ್ಲ. ಡಿಜಿಟಲ್ ಪೆಡಲ್‌ಗೆ ಮಾತ್ರ ಬೇರೆ ಅಡಾಪ್ಟರ್ ಕೊಡಿ, ಉಳಿದವು ಹಾಗೇ ಇರಲಿ. ಮುಂದೆ ಕೊಳ್ಳುವಾಗ ಪ್ರತಿ ಔಟ್‌ಪುಟ್ ಬೇರೆ ಬೇರೆಯಾಗಿರುವ, ಐಸೋಲೇಟೆಡ್ ಅಂತ ಬರೆದಿರುವುದನ್ನೇ ಕೊಳ್ಳಿ. ಜರ್ಮೇನಿಯಮ್ ಟ್ರಾನ್ಸಿಸ್ಟರ್‌ನ ಹಳೆಯ ಮಾದರಿಯ ಫಜ್ ಪೆಡಲ್ ಇದ್ದರೆ ಅದನ್ನು ಡೈಸಿ ಚೈನ್‌ಗೆ ಹಾಕಲೇಬೇಡಿ. ಅವುಗಳಲ್ಲಿ ಬಹಳಷ್ಟು ಪಾಸಿಟಿವ್ ಗ್ರೌಂಡ್, ಅಂದರೆ ಪ್ಲಸ್ ತುದಿಯೇ ಗ್ರೌಂಡ್, ಉಳಿದ ಪೆಡಲ್‌ಗಳ ಜೊತೆ ಸೇರಿಸಿದರೆ ಶಾರ್ಟ್ ಆಗುತ್ತದೆ.

ಹೆಜ್ಜೆ 5: ಪ್ಯಾಚ್ ಕೇಬಲ್ ಬಿಚ್ಚಿ ನೋಡಿ

ಗಂಟೆಗಟ್ಟಲೆ ಹುಡುಕಿದ ಮೇಲೆ ಕೊನೆಗೆ ಬಯಲಾಗುವ ಕಾರಣ ಎಷ್ಟೋ ಸಲ ಪೆಡಲ್‌ನಿಂದ ಪೆಡಲ್‌ಗೆ ಹೋಗುವ ಗೇಣುದ್ದದ ಪ್ಯಾಚ್ ಕೇಬಲ್. ಪ್ಲಗ್‌ನ ಲೋಹದ ಟೊಪ್ಪಿಗೆ ತಿರುಗಿಸಿ ಬಿಚ್ಚಿ, ಬೆಳಕಿಗೆ ಹಿಡಿಯಿರಿ. ನಡುವಿನ ತಂತಿ ತುದಿಗೆ ಸೋಲ್ಡರ್ ಆಗಿರುತ್ತದೆ. ಅದರ ಸುತ್ತ ಹೆಣೆದಿದ್ದ ಸಣ್ಣ ತಾಮ್ರದ ಎಳೆಗಳನ್ನೆಲ್ಲ ಒಟ್ಟು ಹುರಿ ಮಾಡಿ ಪಕ್ಕದ ಲೋಹದ ನಾಲಗೆಗೆ ಹಿಡಿಸಿರುತ್ತಾರೆ. ಕೆಟ್ಟ ಕೇಬಲ್‌ನಲ್ಲಿ ಆ ಹುರಿಯ ಎಳೆಗಳು ಒಂದೊಂದಾಗಿ ತುಂಡಾಗಿ, ಎರಡೋ ಮೂರೋ ಮಾತ್ರ ಅಂಟಿಕೊಂಡಿರುತ್ತವೆ. ಸೋಲ್ಡರ್ ಹೊಳಪಿಲ್ಲದೆ ಬೂದಿ ಬಣ್ಣಕ್ಕೆ ತಿರುಗಿ ಸುತ್ತಲೂ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಗಿಟಾರ್ ಸದ್ದು ಆಗಲೂ ಬರುತ್ತಿರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಕೊನೆಯ ಎಳೆಯೂ ಹೋದಾಗ ಗುಂಯ್ ಅಂತ ಅಬ್ಬರಿಸುತ್ತದೆ.

ಬಿಚ್ಚಲಾಗದ ಮೋಲ್ಡ್ ಕೇಬಲ್ ಆದರೆ ಮಲ್ಟಿಮೀಟರನ್ನು ಬೀಪ್ ಮಾಡುವ ಕಡೆ ಇಡಿ. ತುದಿಯಿಂದ ತುದಿಗೆ ಬೀಪ್ ಆಗಬೇಕು. ಬುಡದ ಲೋಹದಿಂದ ಬುಡದ ಲೋಹಕ್ಕೆ ಬೀಪ್ ಆಗಬೇಕು. ತುದಿಯಿಂದ ಬುಡಕ್ಕೆ ಆಗಬಾರದು. ಮೀಟರ್ ಹಿಡಿದಿರುವಾಗಲೇ ಕೇಬಲನ್ನು ಅಲ್ಲಾಡಿಸಿ. ಬೀಪ್ ತುಂಡಾದರೆ ಆ ಕೇಬಲ್ ಬಿಸಾಡಿ, ಮತ್ತೆ ಚೀಲಕ್ಕೆ ಹಾಕಬೇಡಿ. ಹಾಗೇ ಸ್ಪೀಕರ್ ಕೇಬಲನ್ನು ಗಿಟಾರ್‌ಗೆ ಹಾಕಿಲ್ಲ ತಾನೇ ಅಂತ ನೋಡಿಕೊಳ್ಳಿ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಸ್ಪೀಕರ್ ಕೇಬಲ್‌ನಲ್ಲಿ ಶೀಲ್ಡ್ ಇರುವುದಿಲ್ಲ.

ಮುಂಬೈಯಲ್ಲಿ ಇದರ ಜೊತೆಗೆ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಜ್ಯಾಕ್ ಒಳಗೆ ಕಿಲುಬು ಹಿಡಿಯುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಚೂರು ಪ್ಲಗ್ ಮೇಲೆ ಹೊಡೆದು, ಪೆಡಲ್ ಜ್ಯಾಕ್‌ಗೆ ಹತ್ತು ಸಲ ಹಾಕಿ ತೆಗೆದು ಮಾಡಿ. ಮಳೆಗಾಲ ಮುಗಿದ ಮೇಲೆ ಎಲ್ಲ ಜ್ಯಾಕ್‌ಗೂ ಹೀಗೆ ಮಾಡುವುದು ಒಳ್ಳೆಯ ಅಭ್ಯಾಸ. ಕ್ಲೀನರ್, ಪ್ಲಗ್, ತಾಮ್ರದ ಟೇಪ್, ಮೀಟರ್ ಎಲ್ಲ ಗ್ರ್ಯಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಹುಡುಕಬಹುದು. ಸೋಲ್ಡರಿಂಗ್ ಕಲಿತುಕೊಂಡರೆ ಕೇಬಲ್‌ಗೆ ಹೋಗುವ ದುಡ್ಡು ತುಂಬಾ ಉಳಿಯುತ್ತದೆ.

ಹೆಜ್ಜೆ 6: ಬೋರ್ಡ್ ಮೇಲಿನ ಜಾಗ

ವಾ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಒಂದು ಕಾಯಿಲ್ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಪವರ್ ಸಪ್ಲೈ ಹತ್ತಿರ ಇಟ್ಟರೆ ಅದು ಗುಂಯ್ ಹಿಡಿಯುತ್ತದೆ. ಕೈಯಲ್ಲಿ ಎತ್ತಿ ಅತ್ತಿತ್ತ ಸರಿಸಿ, ಸದ್ದು ಎಲ್ಲಿ ಕಡಿಮೆಯೋ ಅಲ್ಲಿ ಅಂಟಿಸಿ. 230 ವೋಲ್ಟಿನ ವೈರ್ ಮತ್ತು ಗಿಟಾರ್ ಕೇಬಲ್ ಜೊತೆಜೊತೆಗೆ ಓಡಬಾರದು, ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ. ಮೊಬೈಲ್ ಬೋರ್ಡ್ ಮೇಲೆ ಬೇಡ.

ಲ್ಯಾಪ್‌ಟಾಪ್, ಎರಡು ಆಂಪ್, ಮಿಕ್ಸರ್ ಇದ್ದರೆ

ಒಂಟಿಯಾಗಿ ಎಲ್ಲವೂ ಸುಮ್ಮನಿದ್ದು, ಎರಡು ಸಾಧನ ಜೋಡಿಸಿದ ಕೂಡಲೇ ಗುಂಯ್ ಅಂದರೆ ಅದು ಗ್ರೌಂಡ್ ಲೂಪ್. ಎರಡಕ್ಕೂ ಬೇರೆ ಬೇರೆ ಪ್ಲಗ್‌ನಿಂದ ಅರ್ಥಿಂಗ್ ಇದೆ, ನಡುವೆ ಆಡಿಯೋ ಕೇಬಲ್‌ನ ಶೀಲ್ಡ್ ಇನ್ನೊಂದು ದಾರಿ. ಒಂದು ಸುತ್ತು ಪೂರ್ತಿಯಾಗಿ ಅದರಲ್ಲಿ 50 ಹರ್ಟ್ಜ್ ಕರೆಂಟ್ ಹರಿಯುತ್ತದೆ. ಮೊದಲ ಮದ್ದು ಸುಲಭ: ಎಲ್ಲವನ್ನೂ ಒಂದೇ ಗೋಡೆ ಪ್ಲಗ್‌ನ ಒಂದೇ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಅದರಿಂದ ಹೋಗದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಗಿಟಾರ್ ಸಿಗ್ನಲನ್ನು ಮಿಕ್ಸರ್‌ಗೆ ಕೊಡುವ ಪೆಟ್ಟಿಗೆ) ಅಥವಾ ಐಸೋಲೇಟರ್ ನಡುವೆ ಹಾಕಿ. ಡಿಐ ಬಾಕ್ಸ್ ಮೇಲಿನ ಗ್ರೌಂಡ್ ಲಿಫ್ಟ್ ಸ್ವಿಚ್ ಆಡಿಯೋ ಕೇಬಲ್‌ನ ಶೀಲ್ಡನ್ನು ಮಾತ್ರ ಬಿಡಿಸುತ್ತದೆ, ಪ್ಲಗ್‌ನ ಅರ್ಥಿಂಗ್ ಹಾಗೇ ಇರುತ್ತದೆ. ಹಾಗಾಗಿ ಅದನ್ನು ಧೈರ್ಯವಾಗಿ ಒತ್ತಬಹುದು.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸಿ ನೋಡಿ. ಸದ್ದು ನಿಂತರೆ ಚಾರ್ಜರೇ ಕಾರಣ, ರೆಕಾರ್ಡಿಂಗ್ ಮುಗಿಯುವವರೆಗೆ ಬ್ಯಾಟರಿಯಲ್ಲೇ ನಡೆಸಿ.

ಪ್ಲಗ್‌ನಲ್ಲೇ ಅರ್ಥಿಂಗ್ ಇಲ್ಲದಿದ್ದರೆ

ಹಳೆಯ ಚಾಳು, ಹಳೆಯ ಬಿಲ್ಡಿಂಗ್‌ಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಹಿಂದೆ ಅರ್ಥಿಂಗ್ ವೈರ್ ಇರುವುದಿಲ್ಲ. ಮೂರು ಲೈಟಿನ ಸಾಕೆಟ್ ಟೆಸ್ಟರ್ ಚುಚ್ಚಿದರೆ ಗೊತ್ತಾಗುತ್ತದೆ. ಗಿಟಾರ್ ತಂತಿ ಮುಟ್ಟಿದಾಗ ಜುಮ್ ಅಂದರೂ ಅದೇ ಸೂಚನೆ. ಆಗ ನುಡಿಸುವುದು ನಿಲ್ಲಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ, ಸೊಸೈಟಿಗೆ ಹೇಳಿ. ಅರ್ಥಿಂಗ್ ಜೊತೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಇದೆಯಾ ಅಂತಲೂ ಕೇಳಿ. ಗಿಟಾರ್ ವಿಷಯ ಬಿಡಿ, ಬಾತ್‌ರೂಮಿನ ಗೀಸರ್‌ಗೂ ಇದು ಬೇಕೇ ಬೇಕು.

ಕಾರ್ಯಕ್ರಮದ ದಿನ

ಮನೆಯಲ್ಲಿ ಸರಿಯಿದ್ದ ಬೋರ್ಡ್ ಹಾಲ್‌ನಲ್ಲಿ ಗುಂಯ್ ಅನ್ನುವುದುಂಟು. ಡೆಕೋರೇಷನ್‌ನವರ ಲೈಟ್ ಸರ, ಸ್ಟೇಜ್ ಡಿಮ್ಮರ್, ಸೌಂಡ್‌ನವರ ಮಿಕ್ಸರ್ ಎಲ್ಲವೂ ಅಲ್ಲಿ ಇರುತ್ತವೆ. ಬೇಗ ಹೋಗಿ. ಲೈಟ್‌ನ ಲೈನ್ ಬಿಟ್ಟು ಸೌಂಡ್ ಸಿಸ್ಟಮ್‌ಗೆ ಕೊಟ್ಟ ಲೈನ್‌ನಿಂದಲೇ ನಿಮ್ಮ ಬೋರ್ಡಿಗೂ ಪ್ಲಗ್ ಕೇಳಿ ತೆಗೆದುಕೊಳ್ಳಿ. "ಅಣ್ಣಾ, ಮಿಕ್ಸರ್ ಹಾಕಿದ ಬೋರ್ಡಿನಲ್ಲೇ ನನಗೊಂದು ಪಾಯಿಂಟ್ ಕೊಡಿ" ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಲೈಟ್ ಎಲ್ಲ ಹಾಕಿಸಿ ಸೌಂಡ್ ಚೆಕ್ ಮಾಡಿ. ಡಿಮ್ಮರನ್ನು ಅರ್ಧಕ್ಕೆ ಇಡಲು ಹೇಳಿ, ಝರ್ ಜಾಸ್ತಿ ಬರುವುದು ಆಗಲೇ.

ಇಷ್ಟೆಲ್ಲ ಮಾಡಿದ ಮೇಲೆ ಸಿಂಗಲ್ ಕಾಯಿಲ್‌ನ ಸಣ್ಣ ಗುಂಯ್ ಮಾತ್ರ ಉಳಿದಿದ್ದರೆ, ಆಗ ನಾಯ್ಸ್ ಗೇಟ್ ಇಡಿ. ಡಿಸ್ಟಾರ್ಷನ್ ಆದ ಮೇಲೆ, ಡಿಲೇ ಮತ್ತು ರಿವರ್ಬ್‌ಗಿಂತ ಮೊದಲು ಅದರ ಜಾಗ. ತಂತಿಗೆ ಕೈ ಇಟ್ಟು ಸುಮ್ಮನಿರಿಸಿ, ಗುಂಯ್ ಮರೆಯಾಗುವವರೆಗೆ ಮಾತ್ರ ಥ್ರೆಶೋಲ್ಡ್ (ಎಷ್ಟು ಸದ್ದಿನವರೆಗೆ ತಡೆಯಬೇಕು ಅನ್ನುವ ಮಿತಿ) ಏರಿಸಿ. ಆಮೇಲೆ ಒಂದು ಸ್ವರ ಮೀಟಿ ಅದು ತಾನಾಗಿ ಕರಗುವವರೆಗೆ ಕೇಳಿ. ನಡುವೆ ಕತ್ತರಿಸಿದಂತೆ ನಿಂತರೆ ಥ್ರೆಶೋಲ್ಡ್ ಸ್ವಲ್ಪ ಇಳಿಸಿ.